ರುಮಾಲಿನ ಅಜ್ಜನ ಮೀಸೆ: ಧಾರವಾಡದ ಒಂದು ಫೋಟೋ ರಿಪೇರಿ ಅಂಗಡಿಯ ಬಗ್ಗೆ

ಹಳೆಯ ಕಪ್ಪು-ಬಿಳುಪು ಫೋಟೋ ಹಾಳಾಗಿದೆ, ಎಲ್ಲಿ ಕೊಡೋಣ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಯಾರು ಕೇಳಿದರೂ ಈಗ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ನಾನು ದುಡ್ಡು ಕೊಟ್ಟು ನೋಡಿದ್ದು ಎರಡು ಕಡೆ. ಒಂದು, ತಿಂಗಳ ಚಂದಾ ಕಟ್ಟಿ ಮೊಬೈಲಿನಲ್ಲಿ ಬಳಸುವ ಎಐ ಆ್ಯಪ್. ಇನ್ನೊಂದು, ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗೆ ಸಾಲು ನಿಲ್ಲುತ್ತಾರಲ್ಲ, ಅಲ್ಲಿಂದ ಸ್ವಲ್ಪ ಮುಂದೆ ಒಳಸಂದಿಯಲ್ಲಿ, ಮಹಡಿಯ ಮೇಲಿರುವ ಹಳೆಯ ಸ್ಟುಡಿಯೋ.

ಆ್ಯಪಿನ ಹೆಸರು ಬರೆಯುವುದಿಲ್ಲ. ಅಂಥವು ಹತ್ತಾರಿವೆ, ಎಲ್ಲದರ ಬುದ್ಧಿಯೂ ಹೆಚ್ಚುಕಡಿಮೆ ಒಂದೇ. ಸ್ಟುಡಿಯೋದ ಹೆಸರನ್ನೂ ಬರೆಯುವುದಿಲ್ಲ. ಮಾಲಕರೇ ಕೈಮುಗಿದು ಬೇಡವೆಂದಿದ್ದಾರೆ. "ಇರೂ ಕೆಲಸಾನ ಮುಗೀವಲ್ದು ಅಕ್ಕೋರ, ಇನ್ನೂ ನಾಕ್ ಮಂದಿ ಬಂದ್ರ ನಾ ಬಾಗಲಾ ಹಾಕ್ಕೊಂಡ್ ಊರಿಗೆ ಹೋಗ್ತೀನಿ" ಅಂದರು. ಲೈನ್ ಬಜಾರಿನಲ್ಲಿ ಯಾವುದಾದರೂ ಚೌಕಟ್ಟಿನ ಅಂಗಡಿಯಲ್ಲಿ "ಹಳೇ ಫೋಟೋ ಕಾಕಾ ಎಲ್ಲಿ" ಎಂದು ಕೇಳಿದರೆ ದಾರಿ ಹೇಳುತ್ತಾರೆ. ಬೇಕಾದವರು ಹುಡುಕಿಕೊಂಡು ಹೋಗಲಿ.

ಫೋಟೋದ ವಿಷಯಕ್ಕೆ ಬರುತ್ತೇನೆ. ನವಲಗುಂದ ಕಡೆಯ ನಮ್ಮವ್ವನ ತವರಿನಲ್ಲಿ ಪಡಸಾಲೆಯ ಗೋಡೆಗೆ ಹಿರಿಯರ ಫೋಟೋಗಳ ಸಾಲು ಇತ್ತು. ಮನೆ ಕೆಡವಿ ಕಟ್ಟುವಾಗ ಎಲ್ಲವೂ ಟ್ರಂಕಿಗೆ ಹೋದವು. ಪಾಲಿನ ಮಾತು ಬಂದಾಗ ಹೊಲ, ಹಿತ್ತಾಳೆ ಹಂಡೆಗೆ ಜಗಳವಾಯಿತೇ ಹೊರತು ಆ ಟ್ರಂಕು ಯಾರಿಗೂ ಬೇಡವಾಗಿತ್ತು, ನಾನು ತಂದೆ. ಅದರಲ್ಲಿ ಒಬ್ಬ ಮನುಷ್ಯನ ಚಿತ್ರವಿದೆ. ಮನೆಯಲ್ಲಿ ಎಲ್ಲರೂ ಕರೆಯುವುದು "ರುಮಾಲಿನ ಅಜ್ಜ". ಯಾರ ಅಜ್ಜ, ಯಾರ ಮಗ, ಹೆಸರೇನು? ಎಂಬತ್ತು ದಾಟಿದ ನಮ್ಮವ್ವನಿಗೂ ಗೊತ್ತಿಲ್ಲ. ಅವಳ ಅವ್ವನಿಗೆ ಗೊತ್ತಿತ್ತಂತೆ, ಆದರೆ ಕೇಳಿದರೆ "ಇದ್ದಾರ ಬಿಡು ಒಬ್ರು" ಎಂದು ಎದ್ದು ಹೋಗುತ್ತಿದ್ದಳಂತೆ.

ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ. ಕಪ್ಪು ಕೋಟು, ಧೋತರ, ತಲೆಗೆ ದೊಡ್ಡ ರುಮಾಲು. ಎಡಗೈ ಕುರ್ಚಿಯ ಬೆನ್ನ ಮೇಲೆ, ಬಲಗೈಯಲ್ಲಿ ಮಡಚಿದ ಕೊಡೆ. ಹಿಂದೆ ಬರೆದ ಪರದೆ, ಅದರಲ್ಲಿ ಒಂದು ಕಂಬ, ನಾಲ್ಕು ಮೆಟ್ಟಿಲು, ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲದ ಒಂದು ಮರ. ತುಟಿಯ ಮೇಲೆ ಕರೀ ಮೀಸೆ. ವಯಸ್ಸು ಇಪ್ಪತ್ತು ಅಂದರೂ ನಡೆಯುತ್ತದೆ, ನಲವತ್ತು ಅಂದರೂ ನಡೆಯುತ್ತದೆ. ರಟ್ಟಿನ ಕೆಳಗೆ ಸ್ಟುಡಿಯೋದ ಹೆಸರು ಒತ್ತಿದ್ದ ಭಾಗವನ್ನು ಗೆದ್ದಲು ತಿಂದು, ಇಂಗ್ಲಿಷ್ ಅಕ್ಷರದಲ್ಲಿ ಹುಬ್ಬಳ್ಳಿ ಎಂಬುದಷ್ಟೇ ಉಳಿದಿದೆ. ನಮ್ಮವ್ವನ ತವರಿನವರು ಹತ್ತಿ ಮಾರಲು ಹುಬ್ಬಳ್ಳಿಗೆ ಹೋಗುತ್ತಿದ್ದರು, ಅಲ್ಲಿ ತೆಗೆಸಿದ್ದಾಗಿರಬೇಕು. ಚಿತ್ರದ ಅಡ್ಡಕ್ಕೆ, ಮೂಗಿನ ಕೆಳಗಿಂದ ಹಾದು ಭುಜದವರೆಗೆ ಒಂದು ಬಿರುಕು. ಎಲ್ಲೆಲ್ಲೂ ಕಲೆ.

ಮೊದಲು ಆ್ಯಪ್. ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮೌಶಿ, ಅದಕ್ಕೆಲ್ಲ ಅಂಗಡಿಗೆ ಯಾಕ್ ಹೋಗ್ತಿ, ಎರಡು ನಿಮಿಷದ ಕೆಲಸ" ಅಂದ. ತಿಂಗಳಿಗೆ 499 ರೂಪಾಯಿ. ನಿಜಕ್ಕೂ ಎರಡೇ ನಿಮಿಷ. ಬಿರುಕು ಮಾಯ, ಕಲೆ ಮಾಯ, ಬಣ್ಣ ಬಂತು. ಕೋಟು ನೇವಿ ನೀಲಿ, ರುಮಾಲು ಕಪ್ಪು-ಕಂದು, ಮುಖ ಗೋಧಿಬಣ್ಣ, ಕಣ್ಣಿನಲ್ಲಿ ಹೊಳಪು. ಮೀಸೆಯಂತೂ ದಟ್ಟವಾಗಿ, ಹುರಿ ಮಾಡಿಕೊಂಡು ಕೂತಿತ್ತು. ಗಂಭೀರ ಮುಖದ ಒಬ್ಬ ಗೌಡರು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕೂಡಲೇ ಕೈಮುಗಿದ ಗುರುತುಗಳ ಮಳೆ. ನಮ್ಮ ಮಾಮಾನ ಮಗನಂತೂ ಹೊಸ ಮನೆಯ ಗೃಹಪ್ರವೇಶಕ್ಕೆ ಇದನ್ನೇ ಮೂರಡಿ ಎತ್ತರಕ್ಕೆ ಮಾಡಿಸುತ್ತೇನೆಂದ.

ಸೌಲಭ್ಯದ ದೃಷ್ಟಿಯಿಂದ ನೋಡಿದರೆ ಆ್ಯಪಿಗೆ ಅಂಕ ಕೊಡಲೇಬೇಕು. ಮದುವೆ ಫೋಟೋದ ಮೇಲೆ ಚಹಾ ಬಿದ್ದಿದೆ, ಅದರಲ್ಲಿರುವ ಎಲ್ಲರೂ ನಿಮಗೆ ಗೊತ್ತು ಅನ್ನುವಂಥ ಕಡೆ ಧಾರಾಳವಾಗಿ ಬಳಸಿ. ನನಗೆ ಕಿರಿಕಿರಿಯಾದದ್ದು ಬೇರೆಯದಕ್ಕೆ. ಮೂಲ ಚಿತ್ರದಲ್ಲಿ ಆ ಮನುಷ್ಯನ ಮುಖದಲ್ಲಿ ಏನೋ ಇತ್ತು, ಆ್ಯಪಿನ ಚಿತ್ರದಲ್ಲಿ ಅದು ಇರಲಿಲ್ಲ. ಏನು ಅಂತ ಹೇಳಲು ಬರುತ್ತಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಇಬ್ಬರು ಬೇರೆ ಬೇರೆ ಜನ.

ಹಾಗೆ ಲೈನ್ ಬಜಾರಿಗೆ ಹೋದೆ.

ಮೆಟ್ಟಿಲು ಕಡಿದು, ಮೊಣಕಾಲು ನೋವಿದ್ದವರು ಯೋಚಿಸಿ ಹತ್ತಿ. ಮೇಲೆ ಒಂದು ಕೋಣೆ, ಒಂದು ಮೇಜು, ಕಿಟಕಿಗೆ ಕರೀ ಬಟ್ಟೆ. ಕಾಕಾ ಎಪ್ಪತ್ತು ದಾಟಿದವರು. ಮೊದಲು ಡಾರ್ಕ್ ರೂಮಿನಲ್ಲಿ ಪ್ರಿಂಟ್ ಹಾಕುತ್ತಿದ್ದವರು, ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಿಂಗ್ ಮಾಡುತ್ತಿದ್ದವರು. ಕಂಪ್ಯೂಟರ್ ಕೆಲಸ ಅವರ ಸೊಸೆಯದು. ಇಬ್ಬರ ನಡುವಿನ ಹಂಚಿಕೆ ಹೀಗಿದೆ: ಕಾಕಾ ನೋಡಿ ಹೇಳುತ್ತಾರೆ, ಸೊಸೆ ಮಾಡುತ್ತಾಳೆ, ಒಪ್ಪಿಗೆಯಾಗದಿದ್ದರೆ ಮಾವನನ್ನು ಮುಲಾಜಿಲ್ಲದೆ ಬಯ್ಯುತ್ತಾಳೆ.

ನಾನು ಫೋಟೋ ಕೊಟ್ಟು "ಬಿರುಕು ತಗದು, ಕಲೆ ತಗದು ಕೊಡ್ರಿ" ಅಂದೆ. ಕಾಕಾ ಅದನ್ನು ಅಂಚಿನಲ್ಲಿ ಹಿಡಿದು ಓರೆಮಾಡಿ ಬೆಳಕಿಗೆ ಹಿಡಿದರು. "ರಿಪೇರಿ ಆಮ್ಯಾಲ ಮಾಡೋಣ. ಮೊದಲ ಇದನ್ನ ಓದೋಣ. ಕುಂದರ್ರಿ" ಅಂದರು. ಆ ಅಂಗಡಿಯ ಬಗ್ಗೆ ಬರೆಯಲು ಕೂತದ್ದೇ ಆ ಓದಿನ ಸಲುವಾಗಿ.

ಅವರು ಅಳತೆ ಹಿಡಿದು ಶುರುಮಾಡಿದರು. ರಟ್ಟು 4.25 ಇಂಚು ಅಗಲ, 6.5 ಇಂಚು ಎತ್ತರ. ಇದು ಕ್ಯಾಬಿನೆಟ್ ಅಳತೆ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಶುರುವಾಗಿ ಜಗತ್ತೆಲ್ಲ ಓಡಾಡಿದ್ದು. ಆಮೇಲೆ ಭೂತಗನ್ನಡಿ. ಹಳೆಯ ಬಗೆಯ, ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಚಿತ್ರವಾದರೆ ಕನ್ನಡಿಯಲ್ಲಿ ಕಾಗದದ ನಾರು ಕಾಣುತ್ತದೆ, ಬಿಳಿ ಭಾಗಗಳು ಹಳದಿಯಾಗಿರುತ್ತವೆ. ಇದರಲ್ಲಿ ನಾರು ಕಾಣುವುದಿಲ್ಲ, ಕಾಗದದ ಮೇಲೆ ಬೇರಿಯಂ ಸಲ್ಫೇಟಿನ ಒಂದು ಪದರವಿದೆ, ಅದರ ಮೇಲೆ ಜೆಲಾಟಿನ್. ಕಪ್ಪು ಭಾಗಗಳ ಅಂಚಿನಲ್ಲಿ ನೀಲಿಯಂಥ ಲೋಹದ ಹೊಳಪು. ಅದನ್ನು ಜನ ಬೂಸಲು ಎಂದು ಒರೆಸಲು ಹೋಗುತ್ತಾರಂತೆ. ಅದು ಬೆಳ್ಳಿ. ಒಳಗಿನ ಬೆಳ್ಳಿಯ ಕಣ ಗಾಳಿ, ತೇವಕ್ಕೆ ಉತ್ಕರ್ಷಣಗೊಂಡು, ಅಯಾನಾಗಿ ಮೇಲಕ್ಕೆ ಸರಿದು, ಮೇಲ್ಮೈಯಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ರೆಡಾಕ್ಸ್, ಅಂದರೆ ಉತ್ಕರ್ಷಣ-ಅಪಕರ್ಷಣ ಕ್ರಿಯೆ ಕಲಿಸಿದ್ದೇನೆ. ನಮ್ಮದೇ ಗೋಡೆಯ ಮೇಲೆ ಅದು ನಡೆಯುತ್ತಿತ್ತು.

ಎರಡನೆಯದಾಗಿ, ಚಿತ್ರ ಎಡಬಲ ತಿರುವಾಗಿದೆಯೇ ಎಂದು ನೋಡಿದರು. ಆಗ ನೆಗೆಟಿವ್ ಆಗಿದ್ದ ಗಾಜಿನ ಪ್ಲೇಟನ್ನು ಉಲ್ಟಾ ಇಟ್ಟು ಪ್ರಿಂಟ್ ಹಾಕಿದರೆ ಕೋಟಿನ ಗುಂಡಿ, ಎದೆಯ ಜೇಬು ಎಲ್ಲ ಆಚೀಚೆಯಾಗುತ್ತದೆ. ಗಾಜಿನ ದಪ್ಪ ನಡುವೆ ಬಂದು ಚಿತ್ರ ಸ್ವಲ್ಪ ಮೆತ್ತಗೂ ಆಗುತ್ತದೆ. ಇಲ್ಲಿ ಜೇಬು ಎಡಕ್ಕೇ ಇದೆ. ಗುಂಡಿಯೂ ಗಂಡಸರ ಕೋಟಿನಂತೆಯೇ, ಎಡದ ಅಂಚು ಬಲದ ಮೇಲೆ. ಸರಿ, ಚಿತ್ರ ಸುಲಟಾ ಇದೆ. ಆದರೆ ಕೋಟಿನ ತೋಳು ಉದ್ದ, ಭುಜ ಕೆಳಗೆ ಇಳಿದಿದೆ. "ಈ ಕೋಟು ಇವರದಲ್ಲ, ಸ್ಟುಡಿಯೋದ್ದು" ಅಂದರು. ಆಗ ಸ್ಟುಡಿಯೋಗಳಲ್ಲಿ ಒಂದೆರಡು ಕೋಟು, ಟೈ, ಕೊಡೆ, ಕೈಗಡಿಯಾರ ಇಟ್ಟಿರುತ್ತಿದ್ದರು. ತಮ್ಮ ಅಂಗಡಿಯಲ್ಲೂ ಒಂದು ಕೋಟು ಇತ್ತು, ಅರ್ಧ ಧಾರವಾಡದ ವರಗಳು ಅದನ್ನೇ ತೊಟ್ಟು ಹೆಣ್ಣಿನ ಮನೆಗೆ ಫೋಟೋ ಕಳಿಸಿದ್ದಾರೆ ಎಂದು ನಕ್ಕರು.

ರುಮಾಲಿನ ಮಾತು ಬಂದಾಗ ನಾನು ಮೊಬೈಲಿನ ಬಣ್ಣದ ಚಿತ್ರ ತೋರಿಸಿದೆ. ಕಾಕಾ ಕನ್ನಡಕ ಮೇಲೇರಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ನಮ್ಮ ಕಡೆ ಕರೀ ರುಮಾಲಾ ಯಾರ್ ಸುತ್ತತಾರ್ರಿ?"

ಅದು ಕೆಂಪು ರುಮಾಲು ಇರಬೇಕು ಎಂಬುದು ಅವರ ಲೆಕ್ಕ. ಕಾರಣ ರಸಾಯನಶಾಸ್ತ್ರದಲ್ಲೇ ಇದೆ. ಬೆಳ್ಳಿಯ ಲವಣಗಳಿಗೆ ಸಹಜವಾಗಿ ಕಾಣುವುದು ನೀಲಿ, ನೇರಳೆ ಬೆಳಕು. 1873ರಲ್ಲಿ ಹರ್ಮನ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ ಬಣ್ಣಗಳನ್ನು ಬೆರೆಸಿ ಹಸಿರೂ ಕಾಣುವಂತೆ ಮಾಡುವ ದಾರಿ ಕಂಡುಕೊಂಡ. ಕೆಂಪೂ ಕಾಣುವ ಪ್ಲೇಟುಗಳು ಅಂಗಡಿಗೆ ಬಂದದ್ದು 1906ರ ಹೊತ್ತಿಗೆ. ಊರೂರಿನ ಸ್ಟುಡಿಯೋಗಳು ಅದಕ್ಕೆ ಬದಲಾಗಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಹಳೆಯ ಪ್ಲೇಟಿನ ಕಣ್ಣಿಗೆ ಕೆಂಪೆಂದರೆ ಕಪ್ಪು. ಹಣೆಯ ಕುಂಕುಮ ಕಪ್ಪು, ಕೆಂಪು ಸೀರೆ ಕಪ್ಪು. ತಿಳಿನೀಲಿ ಸೀರೆ ಉಟ್ಟವಳು ಬಿಳಿ ಸೀರೆಯವಳಾಗಿ ಬೀಳುತ್ತಾಳೆ. ಮನೆಯಲ್ಲಿ ಹಳೆಯ ಫೋಟೋ ನೋಡಿ "ಪಾಪ, ಬಿಳಿ ಸೀರೆ ಉಟ್ಟಾಳ, ಆಗಲೇ ಗಂಡ ತೀರಿಕೊಂಡಿದ್ನೇನೋ" ಎಂದು ತೀರ್ಮಾನಿಸುವವರು ಒಂದು ಸಲ ನಿಲ್ಲಬೇಕು. ಆ್ಯಪಿಗೆ ಇದೊಂದೂ ಗೊತ್ತಿಲ್ಲ. ಅದು ಈಗಿನ ಬಣ್ಣದ ಫೋಟೋಗಳನ್ನು ಲಕ್ಷಗಟ್ಟಲೆ ನೋಡಿ, ಇಷ್ಟು ಕಪ್ಪಿದ್ದರೆ ಇಂಥ ಬಣ್ಣ ಇರುವ ಸಾಧ್ಯತೆ ಹೆಚ್ಚು ಎಂದು ಹಚ್ಚಿಬಿಡುತ್ತದೆ.

ಇಲ್ಲಿಯವರೆಗೆ ಎಲ್ಲವೂ ನನಗೆ ಒಳ್ಳೆಯ ಪಾಠ, ಅಷ್ಟೇ. ಮುಂದಿನದು ಬೇರೆ.

ಸೊಸೆ ಸ್ಕ್ಯಾನ್ ಮಾಡಿದಳು. ಇಂಚಿಗೆ 1200 ಚುಕ್ಕೆಯ ಲೆಕ್ಕದಲ್ಲಿ, 16 ಬಿಟ್‌ನಲ್ಲಿ, ಫೈಲು ಸುಮಾರು 80 ಎಂಬಿ. ಇಷ್ಟು ದೊಡ್ಡದೇಕೆ ಎಂದರೆ, ಕಣ್ಣಿಗೆ ಒಂದೇ ಕಪ್ಪಾಗಿ ಕಾಣುವ ಕಡೆಯೂ ನೂರಾರು ಮಟ್ಟದ ಬೂದು ಇರುತ್ತದೆ, ಅದನ್ನು ಆಮೇಲೆ ಬಿಡಿಸಿಕೊಳ್ಳಬಹುದು. ಕೊಡೆ ಹಿಡಿದ ಕೈಯನ್ನು ದೊಡ್ಡದು ಮಾಡಿ ಹೊಳಪು ಏರಿಳಿಸುತ್ತ ಹೋದಳು. ಕೋಟಿನ ತೋಳು ಮೇಲೆ ಸರಿದು ಮಣಿಕಟ್ಟಿನ ಒಳಭಾಗ ಸ್ವಲ್ಪ ಕಾಣುತ್ತದೆ. ಅಲ್ಲಿ ನಾವೆಲ್ಲ ಕಲೆ ಅಂದುಕೊಂಡಿದ್ದ ಚುಕ್ಕೆಗಳು ಕಲೆಯಂತೆ ಚೆಲ್ಲಾಪಿಲ್ಲಿ ಇರಲಿಲ್ಲ. ಸಾಲಾಗಿದ್ದವು. ಮೂರು, ಅದರ ಕೆಳಗೆ ಐದು, ಸುತ್ತ ತೆಳುವಾದ ಗೆರೆ.

"ಹಚ್ಚಿ" ಅಂದಳು ಅವಳು.

ನಮ್ಮ ಅವ್ವನ ಮುಂಗೈಯಲ್ಲೂ ಇದೆ, ಅವಳ ಅವ್ವನ ಕೈತುಂಬ ಇತ್ತು. ಆದರೆ ಹಚ್ಚೆ ಇಷ್ಟು ಮಸುಕಾಗಿ ಯಾಕೆ ಕಾಣುತ್ತಿದೆ? ಉತ್ತರ ಮತ್ತೆ ಪ್ಲೇಟಿನ ಕಣ್ಣಿನಲ್ಲೇ ಇದೆ. ಚರ್ಮದಡಿ ಹಚ್ಚೆ ಹಸಿರು-ನೀಲಿಯಾಗಿ ಕಾಣುತ್ತದೆ, ನೀಲಿಯನ್ನು ಆ ಪ್ಲೇಟು ಬೆಳ್ಳಗೆ ಮಾಡುತ್ತದೆ, ನಮ್ಮ ಕಂದು ಚರ್ಮವನ್ನು ಕಪ್ಪಗೆ ಮಾಡುತ್ತದೆ, ಎರಡೂ ಬೆರೆತು ಒಂದಾಗುತ್ತವೆ. ಮನೆಗೆ ಬಂದು ಹುಡುಕಿದಾಗ ನ್ಯೂಜಿಲೆಂಡಿನ ಒಂದು ಉದಾಹರಣೆ ಸಿಕ್ಕಿತು. ಮೈಕೆಲ್ ಬ್ರಾಡ್ಲಿ ಎಂಬ ಛಾಯಾಗ್ರಾಹಕ ಮಾವೋರಿ ಜನರ ಮುಖದ ಹಚ್ಚೆ, ಅವರು ಕರೆಯುವ ತಾ ಮೊಕೊ, ಹತ್ತೊಂಬತ್ತನೇ ಶತಮಾನದ ಕೊಲೋಡಿಯನ್ ಎಂಬ ಫೋಟೋ ವಿಧಾನದಲ್ಲಿ ಹೇಗೆ ಮಾಯವಾಗುತ್ತದೆಂದು ತೋರಿಸಲು ಇಂದಿನ ಜನರನ್ನೇ ಕೂರಿಸಿ ಆ ಹಳೆಯ ರೀತಿಯಲ್ಲೂ ಈಗಿನ ರೀತಿಯಲ್ಲೂ ಫೋಟೋ ತೆಗೆದಿದ್ದಾರೆ. ಒಂದರಲ್ಲಿ ಗಲ್ಲದ ತುಂಬ ಹಚ್ಚೆ; ಇನ್ನೊಂದರಲ್ಲಿ ಅದೇ ಗಲ್ಲ ಬೋಳು. ನಮ್ಮ ಆ್ಯಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಳಿದಿದ್ದ ಮಸುಕು ಚುಕ್ಕೆಗಳನ್ನೂ ದೂಳೆಂದು ಗುಡಿಸಿ ಹಾಕಿತ್ತು.

ಹಚ್ಚೆ ಇದ್ದ ಮಾತ್ರಕ್ಕೆ ಹೆಂಗಸು ಅಂತ ಹೇಳಲು ಬರುವುದಿಲ್ಲ, ಗಂಡಸರೂ ಹೊಯ್ಸಿಕೊಳ್ಳುತ್ತಿದ್ದರು ಎಂದು ಕಾಕಾ ತಡೆದರು. ಸೊಸೆ ಕಿವಿಗೆ ಹೋದಳು. ರುಮಾಲಿನ ಅಂಚಿನಿಂದ ಎಡಗಿವಿಯ ಮೇಲ್ಭಾಗ ಕಾಣುತ್ತದೆ, ಅಲ್ಲಿ ತೂತು, ಬುಗುಡಿ ಹಾಕುವ ಜಾಗ. ಅದಕ್ಕೂ ಕಾಕಾ ತಲೆ ಅಲ್ಲಾಡಿಸಿದರು. ಭಿಕಬಾಳಿ ಎಂಬ ಕಿವಿಯೊಡವೆ ಹಾಕುವ ಗಂಡಸರಿಗೂ ಅಲ್ಲೇ ತೂತು. ಅತ್ತೆ-ಸೊಸೆಯ ಜಗಳ ಕೇಳಿ ಗೊತ್ತಿತ್ತು, ಮಾವ-ಸೊಸೆ ಒಂದು ಕಿವಿಯ ಮೇಲೆ ಇಷ್ಟು ಹೊತ್ತು ವಾದಿಸಿದ್ದನ್ನು ಅಲ್ಲೇ ಕಂಡೆ.

ಕೊನೆಗೆ ಕಾಕಾ ಎದ್ದು ಕಿಟಕಿಯ ಕರೀ ಬಟ್ಟೆ ಎಳೆದು ಕತ್ತಲೆ ಮಾಡಿದರು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಫೋಟೋದ ಮೇಲೆ ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವಂತೆ ಹಿಡಿದರು. ಚಿತ್ರವೆಲ್ಲ ಒಂದೇ ಸಮ ಮಿಂಚಿತು. ಮೀಸೆ ಮಾತ್ರ ಮಿಂಚಲಿಲ್ಲ. ಮಂಕಾಗಿ, ಮೇಲೆ ಕೂತಿತ್ತು.

"ಈ ಮೀಸಿ ಕ್ಯಾಮರಾದಾಗ ಬಿದ್ದದ್ದಲ್ಲ. ಆಮ್ಯಾಲ ಯಾರೋ ಬರದಾರ."

ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಸ್ಟುಡಿಯೋದವರು ಸುಕ್ಕು, ಮೊಡವೆ ತೆಗೆಯುತ್ತಿದ್ದದ್ದು ಹಾಗೆ. ಕಪ್ಪು ಬೇಕಾದರೆ ಪ್ಲೇಟನ್ನು ಚಾಕುವಿನಿಂದ ಕೆರೆಯಬೇಕು, ಇಲ್ಲವೇ ಪ್ರಿಂಟಿನ ಮೇಲೆಯೇ ಕುಂಚ ಆಡಿಸಬೇಕು. ಇದು ಕುಂಚ. ಭೂತಗನ್ನಡಿಯಲ್ಲಿ ಎಳೆ ಎಳೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷಿ ಆ ಬಿರುಕು. ಬಿರುಕು ಮೀಸೆಯ ಬಲತುದಿಯನ್ನು ದಾಟಿ ಹೋಗುತ್ತದೆ. ಮೀಸೆ ಮೊದಲು, ಬಿರುಕು ಆಮೇಲೆ ಬಂದಿದ್ದರೆ ಮಸಿಯೂ ಸೀಳಿ ನಡುವೆ ಬಿಳಿ ಕಾಗದ ಕಾಣಬೇಕಿತ್ತು. ಇಲ್ಲಿ ಮಸಿ ಬಿರುಕಿನೊಳಗೆ ಇಳಿದು ಕಾಗದಕ್ಕೆ ಹೀರಿದೆ. ಅಂದರೆ ಫೋಟೋ ತೆಗೆದು, ಮನೆಗೆ ತಂದು, ಅದು ಬಾಗಿ ಬಿರಿದ ಮೇಲೆ ಯಾರೋ ಕೂತು ಮೀಸೆ ಬರೆದಿದ್ದಾರೆ.

ಇಷ್ಟು ಹೇಳಿ ಕಾಕಾ ಸುಮ್ಮನಾದರು. ಹೆಣ್ಣೋ ಗಂಡೋ ಅಂತ ಒತ್ತಿ ಕೇಳಿದೆ. "ಮೀಸಿ ಬರದದ್ದು, ಇಷ್ಟು ಖರೇ. ಉಳಿದದ್ದು ನಿಮ್ಮ ಮನೀ ಮಾತು, ನಾ ಹೇಳೂದಲ್ಲ." ಸೊಸೆಗೆ ಆ ಸಂಕೋಚ ಇರಲಿಲ್ಲ. ಹೆಣ್ಣುಮಗಳೇ ಎಂದು ಅವಳ ಖಾತ್ರಿ. ಜೊತೆಗೆ ಇನ್ನೊಂದು ತೋರಿಸಿದಳು. ಆ ಕಾಲದ ಸ್ಟುಡಿಯೋದಲ್ಲಿ ಗಾಜಿನ ಮಾಡಿನಿಂದ ಬರುವ ಬೆಳಕಿಗೆ ಪ್ಲೇಟನ್ನು ಸ್ವಲ್ಪ ಹೊತ್ತು ತೆರೆದಿಡಬೇಕು, ಅಷ್ಟು ಹೊತ್ತು ಅಲ್ಲಾಡಬಾರದು. ಕುರ್ಚಿಯ ಮೇಲಿನ ಕೈ ಸ್ಪಷ್ಟವಾಗಿದೆ, ಕೊಡೆ ಸ್ಪಷ್ಟವಾಗಿದೆ. ತುಟಿಯ ಎಡಮೂಲೆ ಮತ್ತು ಭುಜ ಮಾತ್ರ ಒಂದು ಕೂದಲೆಳೆ ಕದಲಿದೆ. "ನಗು ತಡಕೊಂಡಾರ್ರಿ. ಎದುರಿಗೆ ಯಾರೋ ನಗಸಾಕತ್ತಾರ."

ನಾನು ಮೂಲ ಚಿತ್ರದಲ್ಲಿ ಕಂಡಿದ್ದು, ಆ್ಯಪಿನದರಲ್ಲಿ ಕಾಣದೇ ಹೋದದ್ದು ಇದು. ಕದಲಿದ ತುಟಿಯನ್ನು ಆ್ಯಪ್ ದೋಷವೆಂದು ತಿಳಿದು ಹರಿತ ಮಾಡಿತ್ತು, ನಗು ಹೋಗಿ ಗೌಡಿಕೆ ಬಂದಿತ್ತು. ಮುಖ ತಿದ್ದುವ ಇಂಥ ಹಲವು ತಂತ್ರಾಂಶಗಳಿಗೆ ಪಾಠ ಹೇಳಿದ್ದು ಎಫ್‌ಎಫ್‌ಎಚ್‌ಕ್ಯೂ ಎಂಬ ಸಂಗ್ರಹದಿಂದ, ಫ್ಲಿಕರ್ ತಾಣದಿಂದ ತೆಗೆದ 70,000 ಚಿತ್ರಗಳು. ಮಸುಕಿದ್ದಲ್ಲಿ ಅವು ತಾವು ಕಲಿತ ಮುಖಗಳನ್ನು ಆಧರಿಸಿ ಹೊಸದಾಗಿ ಬರೆಯುತ್ತವೆ. ನವಲಗುಂದದ ಮುಖ ಅದರಲ್ಲಿ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ. ಇದು ನಮ್ಮ ಮನೆಯ ಸಣ್ಣ ರಗಳೆಯಾಯಿತು. 2021ರಲ್ಲಿ ಕಾಂಬೋಡಿಯಾದ ತೂಲ್ ಸ್ಲೆಂಗ್ ಸೆರೆಮನೆಯ ಕೈದಿಗಳ ಕಪ್ಪು-ಬಿಳುಪು ಚಿತ್ರಗಳಿಗೆ ಒಬ್ಬ ಕಲಾವಿದ ಬಣ್ಣ ಹಚ್ಚಿದ್ದ. ಸಾವಿನ ಬಾಗಿಲಲ್ಲಿ ನಿಂತಿದ್ದವರ ಕೆಲವು ಮುಖಗಳಿಗೆ ನಗುವನ್ನೂ ಹಚ್ಚಿದ್ದ. ಆ ದೇಶದ ಸರ್ಕಾರ ಆಕ್ಷೇಪಿಸಿತು, ಪ್ರಕಟಿಸಿದ ತಾಣ ಅದನ್ನು ತೆಗೆದುಹಾಕಿತು. ನಗದವರಿಗೆ ನಗು ಕೊಡುವುದು, ನಕ್ಕವರ ನಗು ಕಿತ್ತುಕೊಳ್ಳುವುದು, ಎರಡೂ ಒಂದೇ ಕೈಚಳಕ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ಫೋಟೋ ಹಿಡಿದು ಕೂತು, "ಮೀಸಿ ನಾ ಸಣ್ಣಾಕಿದ್ದಾಗಿಂದೂ ಐತಿ" ಅಂದಳು. ಹಾಗಾದರೆ ಬರೆದವರು ಅವಳಿಗಿಂತ ಹಿಂದಿನವರು. ಗೃಹಪ್ರವೇಶದ ಮಾಮಾನ ಮಗ ಮಾತ್ರ ಸಿಟ್ಟಾದ. ಅಜ್ಜನನ್ನು ಅಜ್ಜಿ ಮಾಡಿಬಿಟ್ಟೆ ಎಂದು ಗುಂಪು ಬಿಟ್ಟು ಹೋದ, ರಾತ್ರಿ ಮತ್ತೆ ಬಂದ. ಗುಂಪಿನಲ್ಲಿ ಈಗ ನಾಲ್ಕು ಕಥೆ ಓಡಾಡುತ್ತಿವೆ. ಗಂಡನ ಜೊತೆ ಹುಬ್ಬಳ್ಳಿ ಪೇಟೆಗೆ ಹೋದ ಹೊಸ ಸೊಸೆ ಚೇಷ್ಟೆಗೆ ಅವನ ರುಮಾಲು ಸುತ್ತಿಕೊಂಡು ತೆಗೆಸಿದ್ದು ಎಂಬುದು ಒಂದು. ಹೆಂಗಸರು ಹೆಂಗಸರೇ ಸೇರಿ ಆಡಿದ ಯಾವುದೋ ಆಟದಲ್ಲಿ ಗಂಡು ಪಾತ್ರ ಹಾಕಿದವಳು ಎಂಬುದು ಇನ್ನೊಂದು. ಉಳಿದೆರಡು ಇಲ್ಲಿ ಬರೆಯುವಂಥವಲ್ಲ. ನನ್ನ ಮತ ಮೊದಲನೆಯದಕ್ಕೆ, ಎದುರಿಗೆ ನಗಿಸುತ್ತಿದ್ದವನು ರುಮಾಲಿನ ಒಡೆಯನೇ ಇರಬೇಕು ಎಂಬ ಕಾರಣಕ್ಕೆ. ಗೋಡೆಯ ಮೇಲೆ ಹಿರಿಯರ ಸಾಲಿನಲ್ಲಿ ತೂಗುಹಾಕುವಾಗ ಯಾರಿಗೋ ಅದು ಸರಿಬಂದಿಲ್ಲ, ಮಸಿ ತಂದಿದ್ದಾರೆ. ಇದಕ್ಕೆ ಪುರಾವೆ ಕೇಳಬೇಡಿ.

ಈಗ ಕೆಲಸದ ಗುಣಮಟ್ಟ. ಕಾಕಾ ಮೂಲ ಫೋಟೋದ ಮೇಲೆ ಕೈ ಇಡುವುದೇ ಇಲ್ಲ. ಮೆತ್ತನೆಯ ಕುಂಚದಿಂದ ದೂಳು ತೆಗೆದರು, ಅಷ್ಟೇ. ತಿದ್ದುವುದೆಲ್ಲ ಸ್ಕ್ಯಾನಿನ ನಕಲಿನ ಮೇಲೆ. ಬಿರುಕನ್ನು ಪಕ್ಕದ ಬೂದು ತೆಗೆದುಕೊಂಡು ಮುಚ್ಚಿದ್ದಾರೆ, ಮುಖದ ಮೇಲೆ ಎಲ್ಲಿ ಹಾದಿದೆಯೋ ಅಲ್ಲಿ ಮಾತ್ರ ತೆಳುವಾಗಿ ಗುರುತು ಬಿಟ್ಟಿದ್ದಾರೆ. ಗೆದ್ದಲು ತಿಂದ ಜಾಗಕ್ಕೆ ಏನೂ ತುಂಬಿಲ್ಲ. ತುಂಬಿಕೊಡಿ ಎಂದರೆ, ಅಲ್ಲಿ ಏನಿತ್ತೆಂದು ನಿಮಗೆ ಗೊತ್ತಿದ್ದರೆ ಹೇಳಿ, ತುಂಬುತ್ತೇವೆ ಎಂಬ ಉತ್ತರ. ಹಚ್ಚೆಯ ಚುಕ್ಕೆ ಉಳಿದಿವೆ, ಕದಲಿದ ತುಟಿ ಕದಲಿದಂತೆಯೇ ಇದೆ. ಬಣ್ಣ ಹಚ್ಚುವುದಿಲ್ಲ, ಎಷ್ಟು ಕೊಟ್ಟರೂ.

ಮೀಸೆಯನ್ನು ತೆಗೆಯಿರಿ ಎಂದು ನಾನೇ ಕೇಳಿದೆ. ಇಲ್ಲಿ ನನಗೂ ಅವರಿಗೂ ಒಪ್ಪಿಗೆಯಾಗಲಿಲ್ಲ. ಮೀಸೆಯೂ ಆ ಫೋಟೋದ ಮೇಲೆ ನಡೆದದ್ದೇ, ಅಳಿಸುವುದಿಲ್ಲ ಎಂದು ಕಾಕಾ ಪಟ್ಟು ಹಿಡಿದರು. ಮಸಿಯ ಕೆಳಗಿನ ತುಟಿ ಹೇಗಿತ್ತೆಂದು ಗೊತ್ತಿಲ್ಲದೆ ಬರೆದರೆ ಆ್ಯಪಿಗೂ ತಮಗೂ ಏನು ವ್ಯತ್ಯಾಸ ಎಂಬುದು ಅವರ ವಾದ. ವಾದ ಸರಿ, ಆದರೆ ದುಡ್ಡು ಕೊಟ್ಟ ಗಿರಾಕಿಗೆ ಮೀಸೆ ಇಲ್ಲದ ಒಂದು ನಕಲು, ಇದು ಊಹೆ ಎಂದು ಹಿಂದೆ ಬರೆದಾದರೂ, ಕೊಡಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಕೊಡಲಿಲ್ಲ. ಓರೆಬೆಳಕಿನಲ್ಲಿ ಮೀಸೆ ಮಂಕಾಗಿ ಕಾಣುವ ಒಂದು ಫೋಟೋ ತೆಗೆದು, ಪ್ರಿಂಟಿನ ಜೊತೆಗಿಟ್ಟು ಕೊಟ್ಟರು. ಗುಂಪಿನಲ್ಲಿ ಜಗಳ ಬಂದಾಗ ನಾನು ಹಾಕುವುದು ಅದನ್ನೇ.

ರೇಟು: ಸ್ಕ್ಯಾನಿಗೆ 300, ತಿದ್ದುವುದಕ್ಕೆ 1,800, ಎಂಟು-ಹತ್ತು ಇಂಚಿನ ಮ್ಯಾಟ್ ಪ್ರಿಂಟಿಗೆ 450 ರೂಪಾಯಿ. ಮೂಲ ಫೋಟೋ ಇಡಲು ಆಮ್ಲರಹಿತ ಕಾಗದದ ಲಕೋಟೆ ಬೇರೆ ಕೊಳ್ಳಬೇಕು, ಅದು ದುಬಾರಿ ಅನಿಸಿತು. ಪ್ರಿಂಟಿನ ಕಾಗದ ನನ್ನ ಕಣ್ಣಿಗೆ ಸ್ವಲ್ಪ ಹೆಚ್ಚೇ ಬಿಳಿ, ಮೂಲದ ಬೆಚ್ಚಗಿನ ಕಂದು ಅದರಲ್ಲಿ ಬಂದಿಲ್ಲ. ಹೇಳಿದ ದಿನಕ್ಕೆ ಕೊಡುವುದಿಲ್ಲ, ಫೋನ್ ಎತ್ತುವುದಿಲ್ಲ, ಎತ್ತಿದರೆ ಸೊಸೆ "ಆಗೈತ್ರಿ, ನಾಳೆ ಬರ್ರಿ" ಅನ್ನುತ್ತಾಳೆ, ನಾಳೆ ಹೋದರೆ ಕಾಕಾ ಇನ್ನೂ ಭೂತಗನ್ನಡಿ ಹಿಡಿದು ಕೂತಿರುತ್ತಾರೆ. ರಸೀದಿ ಕೇಳಿದರೆ ಬಿಳಿ ಚೀಟಿಯಲ್ಲಿ ಬರೆದುಕೊಡುತ್ತಾರೆ. ಕಾಲನಿಯ ಸಂಘದ ಸಾಮೂಹಿಕ ಫೋಟೋ, ಪಾಸ್‌ಪೋರ್ಟ್ ಸೈಜು ಇಂಥದ್ದಕ್ಕೆಲ್ಲ ಅಲ್ಲಿ ಹೋಗಬೇಡಿ, ಬಯ್ಯಿಸಿಕೊಳ್ಳುತ್ತೀರಿ.

ಹೋಗುವವರಿಗೆ ಒಂದಿಷ್ಟು. ಫೋಟೋವನ್ನು ರಟ್ಟಿನಿಂದ ಬಿಡಿಸಿ ತರಬೇಡಿ, ಚೌಕಟ್ಟಿಗೆ ಹೊಂದಲೆಂದು ಅಂಚು ಕತ್ತರಿಸಬೇಡಿ. ಸ್ಟುಡಿಯೋದ ಗುರುತು, ಹಿಂದಿನ ಬರಹ ಎಲ್ಲ ಅಲ್ಲೇ ಇರುತ್ತದೆ. ಗಾಜಿಗೆ ಅಂಟಿಕೊಂಡಿದ್ದರೆ ಗಾಜಿನ ಸಮೇತ ಒಯ್ಯಿರಿ, ಎಳೆದರೆ ಮುಖ ಗಾಜಿನ ಜೊತೆಯೇ ಬರುತ್ತದೆ. ನೀಲಿ ಹೊಳಪು ಕಂಡರೆ ಒದ್ದೆಬಟ್ಟೆ ಹಚ್ಚಬೇಡಿ. ಲ್ಯಾಮಿನೇಶನ್ ಮಾಡಿಸಿದ್ದರೆ ಕಾಕಾನಿಗೆ ತೋರಿಸುವ ಮೊದಲು ಸೊಸೆಗೆ ತೋರಿಸಿ, ಅವರ ರಕ್ತದೊತ್ತಡ ಮೊದಲೇ ಸರಿಯಿಲ್ಲ. ಸೋಮವಾರ ಬಾಗಿಲು ತೆಗೆಯುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಮೆಟ್ಟಿಲ ಮೇಲೆ ಕಾಯಬೇಕಾಗುತ್ತದೆ, ನಾಲ್ಕರ ಮೇಲೆ ಹೋಗಿ.